ಗಂಡನ ಮನೆಯಿಂದ ತವರಿಗೆ, ಕಾಲ್ನಡಿಗೆಯಲ್ಲಿ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಕೋಶ ಓದುವ ವಿಷಯ ಹೇಗೋ ಏನೋ, ದೇಶ ಸುತ್ತುವುದರಲ್ಲಿ ಕುವೈತಿನ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ. ಈದ್ ರಜೆ ಬಂದರೆ ಟರ್ಕಿ, ಜಾರ್ಜಿಯಾ. ಬೇಸಿಗೆ ಬಂದರೆ ಊರು. ಆದರೆ ಈ ಸುತ್ತಾಟವೆಲ್ಲ ವಿಮಾನದಲ್ಲಿ, ಬಾಡಿಗೆ ಕಾರಿನಲ್ಲಿ. ಊರಿಗೆ ಹೋದರೂ ಅದೇ ಕಥೆ. ಮಂಗಳೂರಿನಲ್ಲಿ ಇಳಿದು, ಎ.ಸಿ. ಟ್ಯಾಕ್ಸಿಯ ಗಾಜು ಏರಿಸಿಕೊಂಡು, ಚಾಕಲೇಟು, ಟ್ಯಾಂಗು, ಬಾದಾಮಿ ತುಂಬಿದ ಸೂಟ್‌ಕೇಸುಗಳೊಂದಿಗೆ ಮನೆಯ ಅಂಗಳದಲ್ಲೇ ಇಳಿಯುತ್ತೇವೆ. ನಡುವಿನ ಊರುಗಳು ನಮಗೆ ಬರೀ ಬೋರ್ಡುಗಳು. ಬ್ರಹ್ಮಾವರ ಹೋಯಿತು, ಕುಂದಾಪುರ ಹೋಯಿತು, ಭಟ್ಕಳ ಹೋಯಿತು!

ನಮ್ಮವರ ಮನೆ ಉಡುಪಿಯ ಹತ್ತಿರ, ಮಲ್ಪೆ ಕಡೆ. ನನ್ನ ತವರು ಗೋಕರ್ಣದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಈ ದಾರಿಯಲ್ಲಿ ಎಷ್ಟು ಬಾರಿ ಓಡಾಡಿದ್ದೇವೋ ಲೆಕ್ಕವಿಲ್ಲ. ಕಳೆದ ಚಳಿಗಾಲದ ರಜೆಯಲ್ಲಿ ಅದೇ ದಾರಿಯನ್ನು ನಾವಿಬ್ಬರೂ ನಡೆದು ಮುಗಿಸಿದೆವು. ಸುಮಾರು 160 ಕಿ.ಮೀ., ಹನ್ನೆರಡು ದಿನದ ನಡಿಗೆ, ನಡುವೆ ಒಂದು ದಿನ ವಿಶ್ರಾಂತಿ. ಆ ನಡಿಗೆಯ ಕಥೆ ಇದು.

ಡಚ್ ಎಂಜಿನಿಯರ್ ಹೇಳಿದ ದಾರಿ

ಕುವೈತಿನಲ್ಲಿ ನಡೆಯುವುದು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ದೇಶವಾಸದ ಈ ಊರಿನಲ್ಲಿ, ಮಿತ್ರಿಬಾ ಎಂಬಲ್ಲಿ, 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರವೇ ನಿಯಮ ಮಾಡಿದೆ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ವಾಕಿಂಗ್ ಮಾಲುಗಳ ಒಳಗೆ. ಚಳಿಗಾಲದಲ್ಲಿ ಸಾಲ್ಮಿಯಾದ ಗಲ್ಫ್ ರೋಡಿನ ಕಡಲ ದಂಡೆಯಲ್ಲಿ.

ನಮ್ಮವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಆರು ವರ್ಷ. ‘ನಡೆಯಿರಿ, ನಡೆಯಿರಿ’ ಎಂದು ಡಾಕ್ಟರು ಹೇಳುವುದು, ಇವರು ‘ಆಯ್ತು ಆಯ್ತು’ ಎನ್ನುವುದು, ಮನೆಗೆ ಬಂದು ಸೋಫಾದಲ್ಲಿ ಒರಗುವುದು ನಡೆದೇ ಇತ್ತು. ಅಷ್ಟರಲ್ಲಿ ಇವರ ಕಂಪೆನಿಗೆ ನೆದರ್‌ಲೆಂಡ್ಸಿನ ಎಂಜಿನಿಯರ್ ಒಬ್ಬರು ಬಂದರು. ಅರುವತ್ತು ದಾಟಿದವರು. ಅವರೂ ಅವರ ಹೆಂಡತಿಯೂ ಪ್ರತಿ ವರ್ಷ ರಜೆಯಲ್ಲಿ ತಮ್ಮ ದೇಶದ ಹಳ್ಳಿಗಾಡಿನಲ್ಲಿ ವಾರಗಟ್ಟಲೆ ನಡೆಯುತ್ತಾರಂತೆ. ಅಲ್ಲಿ ‘ಪೀಟರ್‌ಪಾಡ್’ ಎಂಬ ದಾರಿಯಿದೆ. ಉತ್ತರದ ಪೀಟರ್‌ಬ್ಯೂರನ್ ಎಂಬ ಹಳ್ಳಿಯಿಂದ ದಕ್ಷಿಣದ ಮಾಸ್ಟ್ರಿಕ್ಟ್ ನಗರದ ಪಕ್ಕದ ಸಿಂಟ್ ಪೀಟರ್ಸ್‌ಬರ್ಗ್ ಗುಡ್ಡದವರೆಗೆ ಸುಮಾರು 500 ಕಿ.ಮೀ. ಹೊಲ, ಕಾಡು, ಕಾಲುವೆ ಬದಿ, ಹಳ್ಳಿ ಬೀದಿಗಳನ್ನು ಜೋಡಿಸಿ ಈ ದಾರಿ ಮಾಡಿದವರು ಇಬ್ಬರು ಗೆಳತಿಯರು, ಟೋಸ್ ಗೂರ್‌ಹೌಸ್ ಮತ್ತು ಬರ್ಟ್ಯೆ ಯೆನ್ಸ್. 1983ರಲ್ಲಿ ಅದು ಅಧಿಕೃತವಾಗಿ ತೆರೆಯಿತು. ದಾರಿಯುದ್ದಕ್ಕೂ ಮರಕ್ಕೆ, ಕಂಬಕ್ಕೆ ಬಿಳಿ-ಕೆಂಪು ಪಟ್ಟಿ ಬಳಿದಿರುತ್ತದೆ. ಅದನ್ನು ನೋಡಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಜನರು ಒಂದೇ ಸಲ ಮುಗಿಸಬೇಕೆಂದೂ ಇಲ್ಲ. ಒಂದಿಷ್ಟು ಈ ವರ್ಷ, ಒಂದಿಷ್ಟು ಮುಂದಿನ ವರ್ಷ.

ಇವರಿಗೆ ಹುಚ್ಚು ಹಿಡಿಯಿತು. ‘ನಾವೂ ಹೋಗೋಣ’ ಎಂದರು. ವೀಸಾ ಕಾಗದಪತ್ರಗಳ ಪಟ್ಟಿಯೂ ಸಿದ್ಧವಾಯಿತು. ನಾನು ಈ ಸುದ್ದಿಯನ್ನು ಫೋನಿನಲ್ಲಿ ನನ್ನ ಆಯಿಗೆ ಹೇಳಿದೆ. ಎಂಬತ್ತೊಂದು ವರ್ಷದ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಡೂಲೆ ಅಷ್ಟು ದೂರ ವಿಮಾನದಲ್ಲಿ ಹೋಗಬೇಕನೆ? ಇಲ್ಲಿಗೇ ನಡ್ಕಂಡು ಬನ್ನಿ’ ಎಂದಳು. ತಮಾಷೆಗೆ ಹೇಳಿದ ಮಾತು. ಆದರೆ ಇವರು ಅದನ್ನೇ ಹಿಡಿದುಕೊಂಡರು!

ಇನ್ನೊಂದು ಕಾರಣವೂ ಇತ್ತು. ತವರಿನ ಮನೆ ಮತ್ತು ಅದರ ಸುತ್ತಲಿನ ತೆಂಗಿನ ತೋಟವನ್ನು ಕೊಳ್ಳಲು ಗಿರಾಕಿಯೊಬ್ಬರು ಬಂದಿದ್ದರು. ಗೋಕರ್ಣದ ಸುತ್ತಮುತ್ತ ಜಾಗದ ಬೆಲೆ ಹೇಗೆ ಏರಿದೆಯೆಂದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿರುವ ನನ್ನ ಅಣ್ಣನಿಗೆ ಮಾರುವ ಮನಸ್ಸು. ಆಯಿಯನ್ನು ತನ್ನ ಬಳಿ ಕರೆದುಕೊಂಡು ಹೋಗುತ್ತೇನೆ ಎಂಬುದು ಅವನ ಮಾತು. ಅದರಲ್ಲಿ ತಪ್ಪೂ ಇಲ್ಲ. ನನ್ನ ಪಾಲಿನ ಹಣ ಬಂದರೆ ನಾವೂ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟಿಗೆ ಮುಂಗಡ ಕೊಡಬಹುದಿತ್ತು. ಇವರ ನಿವೃತ್ತಿಗೆ ಇನ್ನೆರಡೇ ವರ್ಷ. ನಿವೃತ್ತಿಯಾದ ಮೇಲೆ ಎಲ್ಲಿ ಎಂಬ ಪ್ರಶ್ನೆ ಗಲ್ಫಿನ ಪ್ರತಿ ಮನೆಯಲ್ಲೂ ಇರುವಂಥದ್ದೇ. ಸಹಿ ಹಾಕುವ ಮೊದಲು ಒಮ್ಮೆ ಆ ನೆಲವನ್ನು ಸರಿಯಾಗಿ ನೋಡಬೇಕು ಅನಿಸಿತು.

ಮಲ್ಪೆಯಿಂದ ಕೋಡಿ ಬೆಂಗ್ರೆಗೆ

ಡಿಸೆಂಬರಿನ ಮೂರನೆಯ ವಾರ, ಬೆಳಿಗ್ಗೆ ಆರು ಗಂಟೆಗೆ ಮಲ್ಪೆ ಬಂದರಿನಿಂದ ಹೊರಟೆವು. ಬೋಟುಗಳು ಮೀನು ಇಳಿಸುವ ಹೊತ್ತು. ಬುಟ್ಟಿ ಹೊತ್ತ ಹೆಂಗಸರ ತುಳು ಮಾತು, ಮಂಜುಗಡ್ಡೆ ಪುಡಿಮಾಡುವ ಸದ್ದು. ಕುವೈತಿನ ಮಾರ್ಕೆಟಿನಲ್ಲಿ ದಿನಾರು ಎಣಿಸಿ ಕೊಳ್ಳುವ ಜುಬೈದಿ ಇಲ್ಲಿ ‘ಮಾಂಜಿ’ಯಾಗಿ ಬುಟ್ಟಿಯಲ್ಲಿ ಹೊಳೆಯುತ್ತಿತ್ತು. ಎದುರಿಗೆ ಸಮುದ್ರದಲ್ಲಿ ಸೇಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾರಸ ತಣಿದು ಕಂಬಕಂಬವಾಗಿ ನಿಂತ ಕಲ್ಲುಗಳು ಅಲ್ಲಿವೆ. ಚಿಕ್ಕಂದಿನಿಂದ ಅದನ್ನು ನೋಡುತ್ತ ಬೆಳೆದ ನಮ್ಮವರಿಗೆ ಅದು ಬರೀ ‘ಪಿಕ್‌ನಿಕ್ ಜಾಗ’.

ಉತ್ತರಕ್ಕೆ ತೊಟ್ಟಂ, ಹೂಡೆ ದಾಟಿದರೆ ಕೋಡಿ ಬೆಂಗ್ರೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಹೊಳೆ, ನಡುವೆ ಒಂದು ಸಣ್ಣ ಪಟ್ಟಿಯಂಥ ನೆಲ. ಆ ಪಟ್ಟಿಯ ಮೇಲೆ ಮನೆಗಳು, ತೆಂಗು, ಒಣಹಾಕಿದ ಬಲೆಗಳು. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವುದು ಇಲ್ಲಿಯೇ. ಆ ಸಂಜೆ ಸೂರ್ಯ ನೀರಿನಲ್ಲಿ ಮುಳುಗುವುದನ್ನು ನೋಡುತ್ತ ಕುಳಿತಾಗ ಇವರು ಒಂದು ಮಾತು ಹೇಳಿದರು: ‘ಸಾಲ್ಮಿಯಾದಲ್ಲಿ ಸೂರ್ಯ ಕಡಲಿನಿಂದ ಏಳ್ತಾನೆ, ಇಲ್ಲಿ ಕಡಲಿಗೆ ಇಳೀತಾನೆ.’ ಹೌದಲ್ಲ! ಇಷ್ಟು ವರ್ಷ ಎರಡು ದಡಗಳಲ್ಲೂ ಇದ್ದು ನಾನು ಹಾಗೆ ಯೋಚಿಸಿರಲಿಲ್ಲ. ನೀರು ಮಾತ್ರ ಒಂದೇ. ಗಲ್ಫಿನ ನೀರು ಹಾರ್ಮುಜ್ ಜಲಸಂಧಿ ದಾಟಿ ಬಂದು ಸೇರುವುದು ಇದೇ ಅರಬ್ಬೀ ಸಮುದ್ರವನ್ನು. ತೈಲ ಸಿಗುವುದಕ್ಕೆ ಮೊದಲು ಕುವೈತಿನ ‘ಬೂಮ್’ ಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ಭಾರತದ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಹೋಗುವಾಗ ಮರಮಟ್ಟು ಒಯ್ಯುತ್ತಿದ್ದವು. 1961ರಲ್ಲಿ ದಿನಾರು ಬರುವ ತನಕ ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿಯೇ. ಅವರೇ ಮೊದಲು ನಮ್ಮ ಕಡೆ ಬಂದವರು, ನಾವು ಆಮೇಲೆ ಅವರ ಕಡೆ ಹೋದವರು.

ಕಾರಂತರ ಕೋಟ, ಹೊಳೆಗಳ ಕುಂದಾಪುರ

ಎರಡನೆಯ ದಿನ ದೋಣಿಯಲ್ಲಿ ಹೊಳೆ ದಾಟಿ ಹಂಗಾರಕಟ್ಟೆ. ಹಂಗಾರಕಟ್ಟೆ ಒಂದು ಕಾಲದ ಬಂದರು. ದೋಣಿಯಲ್ಲಿ ಐದು ನಿಮಿಷ. ರಸ್ತೆಯಲ್ಲಿ ಹೋದರೆ ಸುತ್ತಿ ಸುತ್ತಿ ಹೋಗಬೇಕು. ಕರಾವಳಿಯ ನಡಿಗೆಯ ಗುಟ್ಟು ಇದೇ. ಹೆದ್ದಾರಿಗೆ ಹೊಳೆ ಅಡ್ಡಿ, ನಡೆಯುವವನಿಗೆ ಹೊಳೆಯೇ ಒಳದಾರಿ.

ಸಾಸ್ತಾನ ದಾಟುವಷ್ಟರಲ್ಲಿ ತುಳು ಹಿಂದೆ ಬಿತ್ತು, ಕುಂದಗನ್ನಡ ಶುರುವಾಯಿತು. ಕೋಟದ ಹತ್ತಿರ ಗೂಡಂಗಡಿಯಲ್ಲಿ ಬೊಂಡ ಕುಡಿಯುತ್ತಿದ್ದಾಗ ಅಂಗಡಿಯಾತ ನಮ್ಮ ಬೆನ್ನಿನ ಚೀಲ, ಕಾಲಿನ ದಪ್ಪ ಶೂ ನೋಡಿ ಕೇಳಿಯೇ ಬಿಟ್ಟ: ‘ಹ್ವಾಯ್, ಎಲ್ಲಿಗ್ ಹೊರ್ಟದ್ದ್?’ ಗೋಕರ್ಣಕ್ಕೆ ಎಂದೆವು. ‘ನಡ್ಕಂಡಾ? ಎಂತಕ್ಕೆ ಮಾರಾಯ್ರೆ, ಬಸ್ಸಿಗ್ ದುಡ್ಡಿಲ್ಯಾ?’ ಕುವೈತಿನಲ್ಲಿದ್ದೇವೆ ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ! ‘ಹರಕೆಯಾ?’ ಎಂದು ಅವನೇ ಕೇಳಿ, ಹೌದೆಂದು ತಾನೇ ತೀರ್ಮಾನಿಸಿ, ಬೊಂಡದ ಹಣವನ್ನು ಬೇಡವೆಂದ. ಒತ್ತಾಯ ಮಾಡಿ ಕೊಟ್ಟು ಬಂದೆವು. ನಮ್ಮ ನಾಡಿನಲ್ಲಿ ದೂರ ನಡೆಯುವುದಕ್ಕೆ ಜನ ಒಪ್ಪುವ ಕಾರಣ ಒಂದೇ, ದೇವರು. ಶಿವರಾತ್ರಿಯ ಹೊತ್ತಿಗೆ ಬೆಂಗಳೂರು, ಹಾಸನ ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಊಟ ಕೊಡುವವರಿದ್ದಾರೆ. ಸುಮ್ಮನೆ ರಜೆಗೆಂದು ನಡೆಯುವ ಗಂಡ ಹೆಂಡತಿ ಮಾತ್ರ ಅವರಿಗೆ ಒಗಟು.

ಕೋಟ ಎಂದರೆ ಕಾರಂತರು. ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಹುಟ್ಟಿದ ಊರು. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಅಲ್ಲಿ ನೆರಳಿನಲ್ಲಿ ಒಂದು ಗಂಟೆ ಕಾಲು ಚಾಚಿದೆವು. ಅವರ ‘ಮರಳಿ ಮಣ್ಣಿಗೆ’ ಕಾದಂಬರಿ ನಡೆಯುವುದು ಈ ಕಡಲು ಮತ್ತು ಹೊಳೆಯ ನಡುವಿನ ನೆಲದಲ್ಲೇ. ಮೂರು ತಲೆಮಾರಿನ ಕಥೆ. ಮಕ್ಕಳು ಓದಿ ಪೇಟೆ ಸೇರುವುದು, ಹಳ್ಳಿಯ ಮನೆಯಲ್ಲಿ ಹೆಂಗಸರು ಮಣ್ಣು ಹೊತ್ತು ಸಂಸಾರ ಉಳಿಸುವುದು, ಕೊನೆಗೆ ಮೊಮ್ಮಗ ಮರಳಿ ಬರುವುದು. ಕಾಲೇಜಿನಲ್ಲಿ ಓದಿದಾಗ ಅದು ನನಗೆ ಹಳೆಯ ಕಾಲದ ಕಥೆ ಅನಿಸಿತ್ತು. ಈಗ ಆ ದಾರಿಯಲ್ಲಿ ನಡೆಯುವಾಗ ಬೀಗ ಹಾಕಿದ ಮನೆಗಳು ಎಷ್ಟು ಕಂಡವೆಂದರೆ, ಎಣಿಸುವುದನ್ನು ಬಿಟ್ಟೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ದೊಡ್ಡ ಮನೆ, ಗೇಟಿಗೆ ಬೀಗ, ತುಳಸಿಕಟ್ಟೆಯಲ್ಲಿ ಒಣಗಿದ ಗಿಡ. ಪಕ್ಕದ ಮನೆಯವರನ್ನು ಕೇಳಿದರೆ ಉತ್ತರ ಒಂದೇ: ‘ಅವ್ರು ದುಬಾಯಿ’, ‘ಅವ್ರು ಬೆಂಗ್ಳೂರು’, ‘ಅವ್ರು ಕುವೈತ್’.

ಕುಂದಾಪುರದಲ್ಲಿ ಒಂದು ದಿನ ವಿಶ್ರಾಂತಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇಟಕಿ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗುವ ಊರಿದು. ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎನ್ನುವಂತೆ, ನಡೆಯಲು ಹೊರಟವಳಿಗೆ ಬೊಬ್ಬೆ ಬಾರದಿರುತ್ತದೆಯೇ! ಇವರ ಕಾಲನ್ನು ಮಾತ್ರ ನಾನು ಪ್ರತಿ ರಾತ್ರಿ ಬೆಳಕಿನಲ್ಲಿ ಬೆರಳು ಬೆರಳು ಬಿಡಿಸಿ ನೋಡುತ್ತಿದ್ದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ನೋವು ಕೊಡದೆಯೇ ದೊಡ್ಡದಾಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು.

ಮರವಂತೆಯ ಎರಡು ನೀರು

ದೋಣಿಯಲ್ಲಿ ಗಂಗೊಳ್ಳಿಗೆ ದಾಟಿ ತ್ರಾಸಿಯ ಕಡೆ ನಡೆದೆವು. ಮರವಂತೆಯನ್ನು ನೋಡದ ಕರಾವಳಿಯವರಿಲ್ಲ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ. ಕಾರಿನಲ್ಲಿ ಇದು ಎರಡು ಮೂರು ನಿಮಿಷದ ಸಂಭ್ರಮ. ‘ನೋಡಿ ನೋಡಿ’ ಎನ್ನುವಷ್ಟರಲ್ಲಿ ಮುಗಿದು ಹೋಗುತ್ತದೆ. ನಡೆದರೆ ಮಾತ್ರ ಎರಡು ನೀರಿನ ಸ್ವಭಾವ ಬೇರೆಯೆಂದು ತಿಳಿಯುತ್ತದೆ. ಕಡಲಿನ ಕಡೆಯಿಂದ ಉಪ್ಪು ಗಾಳಿ, ಹೊಳೆಯ ಕಡೆಯಿಂದ ಕೊಡಚಾದ್ರಿಯ ದಿಕ್ಕಿನ ತಂಪು. ದಂಡೆಗೆ ಸುರಿದ ದೊಡ್ಡ ದೊಡ್ಡ ಬಂಡೆಗಳನ್ನೂ ನೋಡಿದೆವು. ಮಳೆಗಾಲದಲ್ಲಿ ಕಡಲು ಕೊರೆಯುವುದನ್ನು ತಡೆಯಲು ಹಾಕಿದವು. ಮೀನು ಒಣಗಿಸುತ್ತಿದ್ದ ಅಜ್ಜಿಯೊಬ್ಬರು ಬೆರಳು ಚಾಚಿ ಕಡಲನ್ನೇ ತೋರಿಸಿ, ‘ನಾನ್ ಮದಿಯಾಯ್ ಬಪ್ಪತಿಗೆ ಅಲ್ಲಿ ತೆಂಗಿನ್ ಮರ ಇದ್ದಿತ್’ ಎಂದರು. ಅವರು ತೋರಿಸಿದ ಜಾಗದಲ್ಲಿ ತೆರೆ ಒಡೆಯುತ್ತಿತ್ತು.

ಬೈಂದೂರಿನ ಒತ್ತಿನೆಣೆ ಏರಿ ಇಳಿದ ದಿನ ನಮ್ಮ ನಡಿಗೆಯಲ್ಲಿ ಅತಿ ಕಷ್ಟದ ದಿನ. ಕಷ್ಟ ಗುಡ್ಡದ್ದಲ್ಲ, ಹೆದ್ದಾರಿಯದ್ದು. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳು ಹಾರಿಕೊಂಡು ಹೋಗುತ್ತವೆ. ನಡೆಯುವವನಿಗೆ ಒಂದಡಿ ಜಾಗವಿಲ್ಲ. ನೆದರ್‌ಲೆಂಡ್ಸಿನಲ್ಲಿ ನಡೆಯುವವರಿಗೆ ಮರಕ್ಕೆ ಬಣ್ಣ ಬಳಿದು ದಾರಿ ತೋರಿಸುತ್ತಾರೆ. ನಮ್ಮಲ್ಲಿ ತೋಟದ ನಡುವಿನ ಕಾಲುದಾರಿ, ಸಂಕ, ಗದ್ದೆಯ ಅಂಚು, ಕಡಲ ದಂಡೆ ಎಲ್ಲವೂ ಇದ್ದೇ ಇವೆ. ಜೋಡಿಸಿ ಗುರುತು ಹಾಕಿದವರಿಲ್ಲ. ಕೇಳುತ್ತ ಹೋಗಬೇಕು. ಆದರೆ ಕೇಳುವುದರಲ್ಲೂ ಒಂದು ಲಾಭವಿದೆ. ಬಣ್ಣದ ಪಟ್ಟಿ ‘ಮನೆಗೆ ಬನ್ನಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ’ ಎನ್ನುವುದಿಲ್ಲ!

ಭಟ್ಕಳದ ಹಿರಿಯರು

ಶಿರೂರು ದಾಟಿದರೆ ಉತ್ತರ ಕನ್ನಡ. ಭಟ್ಕಳ ತಲುಪಿದಾಗ ಕಿವಿಗೆ ಬಿದ್ದದ್ದು ನವಾಯತಿ, ಕೊಂಕಣಿ, ಕನ್ನಡ, ಉರ್ದು ಎಲ್ಲವೂ. ವಿಜಯನಗರದ ಕಾಲದಲ್ಲಿ ಅರಬ್ಬರ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. ಕಲ್ಲಿನ ಕೆತ್ತನೆಯ ಖೇತಪೈ ನಾರಾಯಣ ದೇವಸ್ಥಾನ, ಜೈನ ಬಸದಿ, ಹಳೆಯ ಮಸೀದಿಗಳು ಎಲ್ಲವೂ ನಡೆದೇ ನೋಡಬಹುದಾದಷ್ಟು ಹತ್ತಿರ.

ಚಹದ ಅಂಗಡಿಯಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. ‘ಕುವೈತಾ? ಯಾವ ಏರಿಯಾ?’ ಎಂದರು. ಸಾಲ್ಮಿಯಾ ಎಂದೊಡನೆ ಅವರ ಕಣ್ಣು ಅರಳಿತು. ಅವರು ಎಪ್ಪತ್ತರ ದಶಕದ ಕೊನೆಯಲ್ಲಿ ಹೋಗಿ ಅಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿದ್ದವರು. 1979ರಲ್ಲಿ ಕುವೈತ್ ಟವರ್ಸ್ ತೆರೆದದ್ದನ್ನು ನೋಡಿದವರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿದಾಗ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್, ಮರುಭೂಮಿಯ ಗಡಿಯಲ್ಲಿ ಡೇರೆಯಲ್ಲಿ ಹನ್ನೊಂದು ದಿನ, ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಆ ಸಲ ಸುಮಾರು 1,70,000 ಭಾರತೀಯರನ್ನು ಹಾಗೆ ಕರೆತಂದರು. ‘ಇಪ್ಪತ್ತು ಕಿಲೋ ಬ್ಯಾಗು ಹೊತ್ತು ಗಡಿಯಲ್ಲಿ ನಾನೂ ನಡೆದಿದ್ದೇನೆ ಅಮ್ಮಾ, ನಿಮ್ಮ ಹಾಗೆ ಖುಷಿಗಲ್ಲ’ ಎಂದು ನಕ್ಕರು. ಮತ್ತೆ ಯಾಕೆ ಹೋಗಲಿಲ್ಲ ಎಂದು ಇವರು ಕೇಳಿದರು. ‘ಹೋಗಬೇಕೆಂದೇ ಇದ್ದೆ. ಎರಡು ತಿಂಗಳು ಮನೆಯಲ್ಲಿ ಕುಳಿತಾಗ ಮಕ್ಕಳ ಗುರುತಾಯಿತು’ ಎಂದರು. ಆ ರಾತ್ರಿ ಲಾಡ್ಜಿನಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ನಮ್ಮ ಮಗ ಹತ್ತನೆಯ ತರಗತಿ ಮುಗಿಸಿ ಹಾಸ್ಟೆಲಿಗೆ ಹೋದವನು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಗುರುತು ನಮಗೆ ಎಷ್ಟಿದೆ ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು.

ಆತ್ಮಲಿಂಗದ ದಾರಿ

ಮುರ್ಡೇಶ್ವರದಿಂದ ಮುಂದೆ ನಮ್ಮ ದಾರಿ ಪುರಾಣದ ದಾರಿಯೇ ಆಯಿತು. ರಾವಣ ಕೈಲಾಸದಿಂದ ತರುತ್ತಿದ್ದ ಆತ್ಮಲಿಂಗವನ್ನು ಬಾಲಕನ ರೂಪದ ಗಣಪತಿ ಗೋಕರ್ಣದಲ್ಲಿ ನೆಲಕ್ಕಿಟ್ಟ ಕಥೆ ಎಲ್ಲರಿಗೂ ಗೊತ್ತು. ಸಿಟ್ಟಿಗೆದ್ದ ರಾವಣ ಕಿತ್ತೆಸೆದ ಲಿಂಗದ ಕಟ್ಟು, ಮುಚ್ಚಳ, ವಸ್ತ್ರಗಳು ಬಿದ್ದ ಜಾಗಗಳು ಮುರ್ಡೇಶ್ವರ, ಗುಣವಂತೆ, ಧಾರೇಶ್ವರ, ಶೆಜ್ಜೇಶ್ವರ. ಗೋಕರ್ಣ ಸೇರಿ ಪಂಚಕ್ಷೇತ್ರ. ಕಾರವಾರದ ಹತ್ತಿರದ ಶೆಜ್ಜೇಶ್ವರ ಒಂದನ್ನು ಬಿಟ್ಟು ಉಳಿದ ನಾಲ್ಕೂ ನಮ್ಮ ದಾರಿಯಲ್ಲೇ ಇದ್ದವು. ಮುರ್ಡೇಶ್ವರದ 123 ಅಡಿಯ ಶಿವನ ಮೂರ್ತಿ ನಾವು ತಲುಪುವುದಕ್ಕೆ ಬಹಳ ಮೊದಲೇ ದೂರದಿಂದ ಕಾಣತೊಡಗಿತು. ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ! ‘ಇವನು ನಮ್ಮ ಜೊತೆಗೇ ಹಿಂದೆ ಹಿಂದೆ ನಡೀತಾ ಇದ್ದಾನೆ’ ಎಂದು ಇವರು ಗೊಣಗಿದರು.

ಗುಣವಂತೆ ಎಂದರೆ ಯಕ್ಷಗಾನ ಪ್ರಿಯರಿಗೆ ಕೆರೆಮನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದ ನೆಲ. ಅವರ ಮಗ ಶಂಭು ಹೆಗಡೆಯವರು ದೇಶವಿದೇಶಗಳಲ್ಲಿ ಹೆಸರು ಮಾಡಿದವರು. ದಾರಿ ಬಿಟ್ಟು ಒಳಗೆ ಹೋಗಿ ಇಡಗುಂಜಿ ಗಣಪನಿಗೂ ಕೈ ಮುಗಿದೆವು. ಆ ರಾತ್ರಿ ಹತ್ತಿರದ ಗದ್ದೆಯಲ್ಲಿ ಬಯಲಾಟವಿತ್ತು. ಹದಿನಾಲ್ಕು ಕಿ.ಮೀ. ನಡೆದು ಬಂದ ಕಾಲು ನಿದ್ದೆ ಬೇಡಿತು; ಚಂಡೆಯ ಸದ್ದು ಬಿಡಲಿಲ್ಲ. ಕಂಬಳಿ ಹೊದ್ದು ನೆಲದಲ್ಲಿ ಕುಳಿತು ಎರಡು ಗಂಟೆಯವರೆಗೆ ನೋಡಿದೆವು. ಕುವೈತಿನ ಸಭಾಂಗಣದಲ್ಲಿ ನಮ್ಮ ಮಕ್ಕಳು ವೇಷ ಕಟ್ಟಿ ಕುಣಿದಾಗ ಆಗುವ ಸಂತೋಷವೇ ಬೇರೆ. ಆಕಾಶದ ಕೆಳಗೆ ಚಳಿಯಲ್ಲಿ ನೋಡುವ ಆಟದ ಸಂತೋಷ ಬೇರೆ.

ಅಪ್ಸರಕೊಂಡದ ಜಲಪಾತದಲ್ಲಿ ಕಾಲು ನೆನೆಸಿ, ಕಾಸರಕೋಡಿನ ಗಾಳಿಮರಗಳ ನೆರಳಿನಲ್ಲಿ ಸಾಗಿ, ಶರಾವತಿಯ ಸೇತುವೆ ದಾಟಿ ಹೊನ್ನಾವರ ಸೇರಿದೆವು. ಪಕ್ಕದಲ್ಲೇ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿ.ಮೀ.ಗೂ ಹೆಚ್ಚು. 1998ರಲ್ಲಿ ರೈಲು ಪೂರ್ಣವಾಗಿ ಓಡತೊಡಗುವ ತನಕ ಮುಂಬಯಿಗೆ ಹೋಗಬೇಕಾದರೆ ಈ ಕಡೆಯವರಿಗೆ ರಾತ್ರಿಯಿಡೀ ಬಸ್ಸೇ ಗತಿ. ಜೋಗದಲ್ಲಿ ಧುಮುಕುವ ಶರಾವತಿ ಇಲ್ಲಿ ಇಷ್ಟು ಅಗಲವಾಗಿ, ಇಷ್ಟು ನಿಧಾನವಾಗಿ ಹರಿಯುವುದನ್ನು ನೋಡುತ್ತ ಸೇತುವೆಯ ಮೇಲೆ ನಿಂತೆವು.

ಅಘನಾಶಿನಿ ದಾಟಿ

ಧಾರೇಶ್ವರ, ಕುಮಟಾ ಕಳೆದು ಕಾಗಾಲದ ಕಡೆ ತಿರುಗಿದ ಮೇಲೆ ನನ್ನ ಹೆಜ್ಜೆ ತಾನಾಗಿ ಜೋರಾಯಿತು. ತವರಿನ ಗಾಳಿ! ಅಘನಾಶಿನಿ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಅದು ಕಡಲು ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ‘ಕಗ್ಗ’ ಎಂಬ ಭತ್ತವಿದೆ. ನೀರು ಇಳಿದಾಗ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುತ್ತಾರೆ. ಆಚೆ ದಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಚಿಕ್ಕವಳಿದ್ದಾಗ ಈ ಎಲ್ಲವೂ ನನಗೆ ‘ಏನೂ ಇಲ್ಲದ ಊರು’ ಅನಿಸಿತ್ತು.

ಅಘನಾಶಿನಿ ಊರಿನಿಂದ ತದಡಿಗೆ ದೋಣಿ. ದೋಣಿ ಇಳಿದು ಮನೆಯ ದಾರಿ ಹಿಡಿದಾಗ ಸಂಜೆ ಐದು. ಆಯಿ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದಳು. ತಂಬಿಗೆಯಲ್ಲಿ ನೀರು ತಂದು ಅಳಿಯನ ಕಾಲಿಗೆ ತಾನೇ ಹಾಕಲು ಹೊರಟಳು. ಇವರು ಬೇಡ ಬೇಡವೆಂದು ಕೈ ಹಿಡಿದರು. ರಾತ್ರಿ ಗಂಜಿ, ತಂಬುಳಿ ಊಟವಾದ ಮೇಲೆ ಅವಳು ಒಂದು ಸಂಗತಿ ಹೇಳಿದಳು. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಬಸ್ಸಿಲ್ಲದ ಕಾಲದಲ್ಲಿ ಹೊನ್ನಾವರದ ಆಚೆಯ ತನ್ನ ತವರಿಗೆ ವರ್ಷಕ್ಕೊಮ್ಮೆ ನಡೆದೇ ಹೋಗುತ್ತಿದ್ದಳಂತೆ. ಸೊಂಟದಲ್ಲಿ ಮಗು, ತಲೆಯ ಮೇಲೆ ಗಂಟು, ಎರಡು ಹೊಳೆ, ಎರಡು ದಿನ. ಆ ಸೊಂಟದ ಮಗುವೇ ಆಯಿ. ‘ತವರಿಗೆ ಹೋಗುವಾಗ ಕಾಲು ನೋಯ್ತಿತ್ತಿಲ್ಲ, ತಿರುಗಿ ಬರುವಾಗ ನೋಯ್ತಿತ್ತು ಅಂತ ಹೇಳ್ತಿದ್ದಳು’ ಎಂದಳು. ನಾನು ಹೊಸದೇನೋ ಮಾಡಿದ್ದೇನೆ ಎಂದುಕೊಂಡಿದ್ದೆ. ನಾನು ನಡೆದದ್ದು ಅಜ್ಜಿ ಸವೆಸಿದ ದಾರಿಯಲ್ಲಿ!

ಮನೆ ಮಾರುವ ವಿಷಯವನ್ನು ಆಯಿ ತಾನಾಗಿ ಎತ್ತಲೇ ಇಲ್ಲ. ಮಾರಬೇಡಿ ಎಂದೂ ಹೇಳಲಿಲ್ಲ. ಮರುದಿನ ಆಯಿ ರಿಕ್ಷಾದಲ್ಲಿ, ನಾವು ನಡೆದು, ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡಿದೆವು. ಕೋಟಿತೀರ್ಥದ ಮೆಟ್ಟಿಲಲ್ಲಿ ಕುಳಿತಿದ್ದಾಗ ಇವರೇ ಹೇಳಿದರು: ‘ಬೆಂಗಳೂರಿನ ಫ್ಲ್ಯಾಟಿನಲ್ಲಿ ಹನ್ನೆರಡನೇ ಮಹಡಿಯಿಂದ ನಾನು ಎಲ್ಲಿಗೆ ನಡೆಯಲಿ? ಅಣ್ಣನ ಹತ್ತಿರ ಎರಡು ವರ್ಷ ಸಮಯ ಕೇಳು.’

ಅಣ್ಣನಿಗೆ ಬೇಸರವಾಯಿತು. ಗಿರಾಕಿ ಕಾಯುವುದಿಲ್ಲ, ಇಂಥ ಬೆಲೆ ಮತ್ತೆ ಬರಲಿಕ್ಕಿಲ್ಲ ಎಂದ. ಅವನಿಗೂ ಅವನ ಲೆಕ್ಕಗಳಿವೆ, ಮಗಳ ಮದುವೆಯಿದೆ. ಕೊನೆಗೆ ಅವನ ಪಾಲಿನ ಹಣವನ್ನು ನಾವು ಕಂತಿನಲ್ಲಿ ಕೊಡುವುದೆಂದೂ, ಮನೆ ಮತ್ತು ತೋಟ ಉಳಿಯಲೆಂದೂ ಮಾತಾಯಿತು. ಬೆಂಗಳೂರಿನ ಫ್ಲ್ಯಾಟಿನ ಆಸೆ ಬಿಟ್ಟೆವು. ಮುಂದೆ ಅಲ್ಲಿ ಆಸ್ಪತ್ರೆಗೆ ದೂರವಾಗುತ್ತದೆ, ಮಳೆಗಾಲದಲ್ಲಿ ಕರೆಂಟಿರುವುದಿಲ್ಲ, ತೋಟಕ್ಕೆ ಆಳು ಸಿಗುವುದಿಲ್ಲ. ಇದೆಲ್ಲ ಗೊತ್ತಿದ್ದೇ ಒಪ್ಪಿದ್ದೇವೆ.

ನಡೆಯಲು ಮನಸ್ಸಿದ್ದವರಿಗೆ ನಾಲ್ಕು ಮಾತು

ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ ಕರಾವಳಿಯಲ್ಲಿ ನಡೆಯಲು ಒಳ್ಳೆಯ ಕಾಲ. ಬೆಳಿಗ್ಗೆ ಆರರಿಂದ ಹತ್ತೂವರೆ, ಮಧ್ಯಾಹ್ನ ಮೂರೂವರೆಯಿಂದ ಕತ್ತಲಾಗುವ ಮೊದಲು. ಇಷ್ಟರಲ್ಲಿ ಹನ್ನೆರಡು-ಹದಿನಾಲ್ಕು ಕಿ.ಮೀ. ಆರಾಮಾಗಿ ಮುಗಿಯುತ್ತದೆ. ಚೀಲ ಐದಾರು ಕಿಲೋ ದಾಟಬಾರದು. ಶೂ ಹೊಸದಾಗಿರಬಾರದು, ಹೊರಡುವ ಎರಡು ತಿಂಗಳ ಮೊದಲೇ ಗಲ್ಫ್ ರೋಡಿನಲ್ಲಿ ಅದನ್ನು ಹಾಕಿಕೊಂಡು ದಿನಾ ನಡೆಯಿರಿ. ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳಿಯೇ ಹೊರಡಿ. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಹೆದ್ದಾರಿಯಲ್ಲಿ ನಡೆಯಲೇಬೇಕಾದರೆ ಎದುರಿನಿಂದ ವಾಹನ ಬರುವ ಬದಿಯಲ್ಲಿ ನಡೆಯಿರಿ, ಕತ್ತಲಲ್ಲಿ ಬೇಡವೇ ಬೇಡ. ದಣಿದರೆ ನಾಚಿಕೆಪಡಬೇಡಿ. ಈ ದಾರಿಯುದ್ದಕ್ಕೂ ಬಸ್ಸಿದೆ. ಬಾರ್ಕೂರು, ಕುಂದಾಪುರ, ಬೈಂದೂರು, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ಎಂದು ರೈಲು ನಿಲ್ದಾಣಗಳಿವೆ. ಹನ್ನೆರಡು ದಿನ ಸಿಗದಿದ್ದರೆ ಎರಡು ದಿನ ನಡೆಯಿರಿ. ಮಲ್ಪೆಯಿಂದ ಕೋಟದವರೆಗಿನ ದಾರಿ ಮಕ್ಕಳಿಗೂ ಹಿಡಿಸುತ್ತದೆ. ಅಜ್ಜ ಅಜ್ಜಿಯ ಊರು ಅವರಿಗೆ ಏರ್‌ಪೋರ್ಟಿನಿಂದ ಮೂರು ಗಂಟೆಯ ದಾರಿಯಾಗಿ ಮಾತ್ರ ಉಳಿಯಬಾರದು.

ಕುವೈತಿಗೆ ಮರಳಿದ ಮೇಲೂ ಇವರು ನಡಿಗೆ ಬಿಟ್ಟಿಲ್ಲ. ಮೂರು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ 8.2 ಇದ್ದ ಎಚ್‌ಬಿಎ1ಸಿ 7.3ಕ್ಕೆ ಇಳಿದಿತ್ತು. ಡಚ್ ಎಂಜಿನಿಯರರಿಗೆ ನಮ್ಮ ಫೋಟೋಗಳನ್ನು ತೋರಿಸಿದಾಗ ಅವರು ಮರವಂತೆಯ ಚಿತ್ರವನ್ನು ಬಹಳ ಹೊತ್ತು ನೋಡಿ, ‘ಈ ದಾರಿಗೆ ಹೆಸರೇನು?’ ಎಂದು ಕೇಳಿದರಂತೆ. ಹೆಸರಿಲ್ಲ ಎಂದರಂತೆ ಇವರು. ಬರುವ ಚಳಿಗಾಲದಲ್ಲಿ ಗಂಗಾವಳಿ ದಾಟಿ ಅಂಕೋಲೆ, ಕಾರವಾರದ ಕಡೆ ಹೋಗುವ ವಿಚಾರವಿದೆ. ಶೆಜ್ಜೇಶ್ವರ ಒಂದು ಬಾಕಿ ಇದೆಯಲ್ಲ. ಜೊತೆಗೆ ಬರುವವರಿದ್ದರೆ ಹಬ್ಬದ ದಿನ ಊಟದ ಪಂಕ್ತಿಯಲ್ಲಿ ಸಿಕ್ಕಾಗ ಹೇಳಿ. ಶೂ ಈಗಲೇ ಕೊಳ್ಳಬೇಕು!